ಪದ ಪರಿಚಯ: ಕಲಿಕೆಯ ಸಾಲ

ಅಮೆರಿಕದ ಶಾಲೆಗಳ ಬಗ್ಗೆ ಓದುವವರಿಗೆ ‘ಅಚೀವ್‌ಮೆಂಟ್ ಗ್ಯಾಪ್’ ಎಂಬ ಮಾತು ಪದೇ ಪದೇ ಸಿಗುತ್ತದೆ. ಕನ್ನಡದಲ್ಲಿ ‘ಕಲಿಕೆಯ ಅಂತರ’ ಎನ್ನಬಹುದು. ಒಂದು ಗುಂಪಿನ ಮಕ್ಕಳಿಗೂ ಇನ್ನೊಂದು ಗುಂಪಿನ ಮಕ್ಕಳಿಗೂ ಅಂಕಗಳಲ್ಲಿ, ಶಾಲೆ ಮುಗಿಸುವುದರಲ್ಲಿ, ಕಾಲೇಜು ಸೇರುವುದರಲ್ಲಿ ಕಾಣುವ ವ್ಯತ್ಯಾಸ ಅದು. ಕಪ್ಪು ಸಮುದಾಯದ ಹುಡುಗರ ವಿಷಯ ಬಂದಾಗ ಈ ಮಾತು ಬಂದೇ ಬರುತ್ತದೆ.

ಆದರೆ ಈ ಪದದಲ್ಲಿ ಒಂದು ತೊಡಕಿದೆ. ‘ಅಂತರ’ ಎಂದ ಕೂಡಲೇ ನಮ್ಮ ಕಣ್ಣು ಹಿಂದೆ ಉಳಿದ ಹುಡುಗನ ಮೇಲೆ ಹೋಗುತ್ತದೆ. ಅವನಿಗೇನು ಕಮ್ಮಿ? ಮನೆಯಲ್ಲಿ ಓದಿಸುವುದಿಲ್ಲವೇ? ಹೀಗೆಲ್ಲ ಕೇಳುತ್ತೇವೆ. ಶಾಲೆ ಅವನಿಗೆ ಏನು ಕೊಟ್ಟಿತು ಎಂದು ಕೇಳುವುದೇ ಇಲ್ಲ.

2006ರಲ್ಲಿ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಈ ಪದವನ್ನೇ ಬದಲಿಸೋಣ ಎಂದರು. ಅಮೆರಿಕದ ಶಿಕ್ಷಣ ಸಂಶೋಧಕರ ಸಂಘದ ಅಧ್ಯಕ್ಷೆಯಾಗಿ ಮಾಡಿದ ಭಾಷಣದಲ್ಲಿ ಅವರು ಮುಂದಿಟ್ಟ ಪದ ‘ಎಜುಕೇಶನ್ ಡೆಟ್’, ಅಂದರೆ ಕಲಿಕೆಯ ಸಾಲ. ದೇಶದ ಬಜೆಟ್ಟಿನಲ್ಲಿ ಒಂದು ವರ್ಷದ ಕೊರತೆ ಬೇರೆ, ವರ್ಷ ವರ್ಷ ಸೇರಿ ಬೆಳೆದ ಸಾಲ ಬೇರೆ ಎಂಬುದು ಅವರ ಹೋಲಿಕೆ. ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಈ ಸಲ ಬೆಳೆ ಕೈಕೊಟ್ಟರೆ ಅದು ಕೊರತೆ. ಅಜ್ಜನ ಕಾಲದಿಂದ ಬಡ್ಡಿ ಸೇರಿ ಬಂದದ್ದು ಸಾಲ. ಪರೀಕ್ಷೆಯ ಅಂಕ ಈ ವರ್ಷದ ಕೊರತೆಯನ್ನಷ್ಟೇ ತೋರಿಸುತ್ತದೆ, ಅಲ್ವಾ?

ಇಲ್ಲಿ ಸಾಲಗಾರ ಹುಡುಗನಲ್ಲ, ದೇಶ. ಗುಲಾಮಗಿರಿಯ ಕಾಲದಲ್ಲಿ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಆಮೇಲೆ ಕಪ್ಪು ಮಕ್ಕಳಿಗೆಂದೇ ಬೇರೆ ಶಾಲೆ, ಕಡಿಮೆ ದುಡ್ಡು, ಹಳೆಯ ಪುಸ್ತಕ. 1954ರಲ್ಲಿ ಸುಪ್ರೀಂ ಕೋರ್ಟ್ ಈ ಬೇರ್ಪಡಿಕೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಶಾಲೆಗಳು ಒಂದಾಗುವಾಗ ಕಪ್ಪು ಮಕ್ಕಳ ಶಾಲೆಗಳು ಮುಚ್ಚಿದವು, ಸಾವಿರಾರು ಕಪ್ಪು ಶಿಕ್ಷಕರು ಕೆಲಸ ಕಳೆದುಕೊಂಡರು. ನನಗೆ ಇಡೀ ಕಥೆಯಲ್ಲಿ ತುಂಬಾ ನೋವು ಕೊಡುವ ಭಾಗ ಇದು. ಆ ನಷ್ಟವನ್ನು ಮಕ್ಕಳು ಇವತ್ತಿಗೂ ತುಂಬುತ್ತಿದ್ದಾರೆ.

ಸುಮ್ನೆ ಹೇಳುವ ಮಾತಲ್ಲ. ನಾರ್ತ್ ಕ್ಯಾರೊಲಿನಾ ರಾಜ್ಯದ ಮಕ್ಕಳ ಮಾಹಿತಿ ಇಟ್ಟುಕೊಂಡು ಸೇಥ್ ಗರ್ಶೆನ್ಸನ್ ಮತ್ತು ಜೊತೆಗಾರರು 2017ರಲ್ಲಿ ಒಂದು ಅಧ್ಯಯನ ಹೊರತಂದರು. 3ರಿಂದ 5ನೇ ತರಗತಿಯ ನಡುವೆ ಒಬ್ಬರೇ ಒಬ್ಬರು ಕಪ್ಪು ಶಿಕ್ಷಕರು ಸಿಕ್ಕಿದ್ದರೂ ಸಾಕು, ತೀರಾ ಬಡ ಮನೆಯ ಕಪ್ಪು ಹುಡುಗರು ಮುಂದೆ ಹೈಸ್ಕೂಲು ಬಿಡುವ ಸಾಧ್ಯತೆ ಶೇ 39ರಷ್ಟು ಕಡಿಮೆಯಾಗಿತ್ತು. ಒಂದು ವರ್ಷ, ಒಬ್ಬ ಮೇಷ್ಟ್ರು!

ಶಿಕ್ಷೆಯ ಲೆಕ್ಕವೂ ಈ ಸಾಲದಲ್ಲೇ ಸೇರುತ್ತದೆ. 2013-14ರಲ್ಲಿ ಇಡೀ ಅಮೆರಿಕದ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಕಪ್ಪು ಮಕ್ಕಳು ಶೇ 15.5ರಷ್ಟಿದ್ದರು. ಶಾಲೆಯಿಂದ ಸಸ್ಪೆಂಡ್ ಆದವರಲ್ಲಿ ಮಾತ್ರ ಅವರ ಪಾಲು ಸುಮಾರು ಶೇ 39. ತರಗತಿಯ ಹೊರಗೆ ಕಳೆದ ದಿನಗಳಲ್ಲಿ ಪಾಠ ಕಲಿಯುವುದು ಹೇಗೆ?

ಸಾಲ ತೀರಿಸಲು ಹೊರಟ ಊರೂ ಇದೆ. ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಶಾಲೆಗಳು 2010ರಲ್ಲಿ ಕಪ್ಪು ಹುಡುಗರಿಗೆಂದೇ ಒಂದು ಕಾರ್ಯಕ್ರಮ ಶುರುಮಾಡಿದವು. ಶಾಲೆಯ ವೇಳೆಯಲ್ಲೇ ತರಗತಿ, ಕಲಿಸುವವರು ಕಪ್ಪು ಸಮುದಾಯದ ಗಂಡಸರು, ಪಾಠದಲ್ಲಿ ತಮ್ಮದೇ ಜನರ ಇತಿಹಾಸ. ಥಾಮಸ್ ಡೀ ಮತ್ತು ಎಮಿಲಿ ಪೆನ್ನರ್ 2019ರಲ್ಲಿ ಇದರ ಫಲ ಅಳೆದರು. ಶಾಲೆ ಬಿಡುವ ಕಪ್ಪು ಹುಡುಗರ ಪ್ರಮಾಣ ಶೇ 43ರಷ್ಟು ತಗ್ಗಿತ್ತು. ಆ ತರಗತಿಗಳಿಗೆ ಹೋಗದ ಕಪ್ಪು ಹುಡುಗಿಯರಲ್ಲೂ ಶಾಲೆ ಬಿಡುವವರು ಸ್ವಲ್ಪ ಕಡಿಮೆಯಾಗಿದ್ದರು.