ಕನೆಕ್ಟ್ ಆಗಿದೆ, ಆದರೆ ಸರ್ವರ್‌ಗೆ ಗೊತ್ತೇ ಇಲ್ಲ: ಸಾಕೆಟ್ ಟಿಪ್ಪಣಿ

ಸಾಕೆಟ್ (ನೆಟ್‌ವರ್ಕ್‌ನಲ್ಲಿ ಪ್ರೋಗ್ರಾಂಗಳು ಮಾತಾಡುವ ತುದಿ) ತೆರೆಯುವುದು, ಬೈಂಡ್ (ಅದಕ್ಕೆ ಐಪಿ ವಿಳಾಸ, ಪೋರ್ಟ್ ಸಂಖ್ಯೆ ಕೊಡುವುದು), ಲಿಸನ್ (ಕನೆಕ್ಷನ್‌ಗೆ ಕಾಯಲು ಇಡುವುದು) ಎಲ್ಲ ಕ್ಲಾಸಿನಲ್ಲೇ ಅರ್ಥವಾಗಿರುತ್ತವೆ ಅಲ್ವಾ, ಅವನ್ನು ಬಿಡುತ್ತೇನೆ. ನಾನು ಎರಡು ದಿನ ಒದ್ದಾಡಿದ್ದು, ಬಂದ ಕನೆಕ್ಷನ್ ಎತ್ತಿಕೊಳ್ಳುವ ಆಕ್ಸೆಪ್ಟ್ ಹತ್ತಿರ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಎಲ್ಲವೂ ಲಿನಕ್ಸ್‌ನಲ್ಲಿ, ಪೈಥಾನ್‌ನಲ್ಲಿ ಮಾಡಿ ನೋಡಿದ್ದು, ಟಿಸಿಪಿ ಸಾಕೆಟ್ ಬಗ್ಗೆ.

ಆಕ್ಸೆಪ್ಟ್ ಕೊಡುವುದು ಹೊಸ ಸಾಕೆಟ್

ಲಿಸನ್ ಮಾಡಿದ ಸಾಕೆಟ್ ಇರುವುದು ಕಾಯುವುದಕ್ಕೆ ಮಾತ್ರ. ಆಕ್ಸೆಪ್ಟ್ ಕರೆದಾಗಲೆಲ್ಲ ಆ ಕ್ಲೈಂಟ್‌ಗೆಂದೇ ಒಂದು ಹೊಸ ಸಾಕೆಟ್ ಸಿಗುತ್ತದೆ, ಮಾತುಕತೆ ಅದರಲ್ಲಿ. ನಾನು ಕಾಯುವ ಸಾಕೆಟ್ ಮೇಲೇ ರಿಸೀವ್ (ಬಂದ ಡೇಟಾ ಓದುವುದು) ಕರೆದಿದ್ದೆ. 107ನೇ ಎರರ್ ಬಂತು: ಇದು ಯಾರಿಗೂ ಕನೆಕ್ಟ್ ಆಗಿಲ್ಲ ಅಂತ.

ಹೊಸ ಸಾಕೆಟ್‌ಗೆ ಹೊಸ ಪೋರ್ಟ್ ಇರುವುದಿಲ್ಲ. ಸರ್ವರ್ ಕಡೆ ಎಲ್ಲಕ್ಕೂ ನಾನು ಬೈಂಡ್ ಮಾಡಿದ್ದ ಅದೇ 5000. ಎರಡೂ ಕಡೆಯ ಐಪಿ, ಎರಡೂ ಕಡೆಯ ಪೋರ್ಟ್, ಈ ನಾಲ್ಕನ್ನೂ ಸೇರಿಸಿ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಂದೊಂದು ಕನೆಕ್ಷನ್ ಗುರುತಿಸುತ್ತದೆ.

ಆಕ್ಸೆಪ್ಟ್ ಆಗದೆಯೇ ಕನೆಕ್ಟ್ ಹೇಗಾಯಿತು?

ಮಂಡ್ಯದ ಸುಭಾಷ್ ನಗರದಲ್ಲಿ ನಮ್ಮ ರೂಮು. ನನ್ನ ಲ್ಯಾಪ್‌ಟಾಪ್‌ನಲ್ಲಿ ಸರ್ವರ್ ಮತ್ತು ಒಂದು ಕ್ಲೈಂಟ್, ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಎರಡನೇ ಕ್ಲೈಂಟ್. (ಬೇರೆ ಮೆಷಿನ್‌ನಿಂದ ಬರಬೇಕಾದರೆ 127.0.0.1 ಗೆ ಬೈಂಡ್ ಮಾಡಬೇಡಿ, ಅದು ಅದೇ ಮೆಷಿನ್ ಒಳಗೆ ಮಾತ್ರ; 0.0.0.0 ಹಾಕಿ.) "ಕನೆಕ್ಟ್ ಆಯ್ತು ಕಣೋ, ಮೆಸೇಜೂ ಹೋಯ್ತು" ಅಂದ ಗೆಳೆಯ. ನನ್ನ ಪರದೆಯಲ್ಲಿ ಏನೂ ಇಲ್ಲ. ವೈಫೈ ನೋಡಿದೆ, ಫೈರ್‌ವಾಲ್ ನೋಡಿದೆ. ಬೇಸತ್ತು ನನ್ನ ಕ್ಲೈಂಟ್ ನಿಲ್ಲಿಸಿದೆ. ತಕ್ಷಣ ಅವನು ಯಾವಾಗಲೋ ಕಳಿಸಿದ್ದ "ನಮಸ್ಕಾರ" ಪರದೆ ಮೇಲೆ ಬಂತು.

ಇಲ್ಲೇ ನನಗೆ ಅರ್ಥವಾಗಿದ್ದು. ಕನೆಕ್ಷನ್ ಕಟ್ಟುವ ಮೂರು ಹೆಜ್ಜೆಯ ಹ್ಯಾಂಡ್‌ಶೇಕ್ ಮಾಡುವುದು ಕರ್ನಲ್, ನಮ್ಮ ಪ್ರೋಗ್ರಾಂ ಅಲ್ಲ. ಹ್ಯಾಂಡ್‌ಶೇಕ್ ಮುಗಿದರೆ ಕ್ಲೈಂಟ್ ಪಾಲಿಗೆ ಕನೆಕ್ಟ್ ಆದಂತೆಯೇ. ಸರ್ವರ್ ಕಡೆ ಕರ್ನಲ್ ಅದನ್ನು ಒಂದು ಸಾಲಿನಲ್ಲಿ ನಿಲ್ಲಿಸುತ್ತದೆ. ಲಿಸನ್‌ಗೆ ಕೊಡುವ ಸಂಖ್ಯೆ ಈ ಸಾಲಿನ ಉದ್ದಕ್ಕೆ ಮಿತಿ, ಒಟ್ಟು ಕ್ಲೈಂಟ್‌ಗಳಿಗಲ್ಲ. ಕ್ಲೈಂಟ್ ಕಳಿಸಿದ ಡೇಟಾ ಕೂಡ ಕರ್ನಲ್ ಬಫರ್‌ನಲ್ಲಿ (ತಾತ್ಕಾಲಿಕ ಜಾಗದಲ್ಲಿ) ಕಾಯುತ್ತದೆ. ಆಕ್ಸೆಪ್ಟ್ ಮಾಡುವುದಿಷ್ಟೇ: ಸಾಲಿನ ಮೊದಲನೆಯದನ್ನು ಎತ್ತಿ ನಮ್ಮ ಕೈಗೆ ಕೊಡುತ್ತದೆ.

ನಮ್ಮ ಬೀದಿಯ ಕ್ಲಿನಿಕ್ ನೆನಪಾಯಿತು. ಕಾಂಪೌಂಡರ್ ಹತ್ತಿರ ಹೆಸರು ಬರೆಸಿ, ರಿಪೋರ್ಟನ್ನೂ ಕೊಟ್ಟು ಬೆಂಚಿನ ಮೇಲೆ ಕೂತವರು ಮನೆಗೆ ಫೋನ್ ಮಾಡಿ "ಕ್ಲಿನಿಕ್‌ನಲ್ಲಿದ್ದೀನಿ" ಅನ್ನುತ್ತಾರೆ. ನಿಜವೇ. ಆದರೆ ಡಾಕ್ಟರು ಅವರ ಮುಖವನ್ನೇ ನೋಡಿರುವುದಿಲ್ಲ.

ನನ್ನ ಡಾಕ್ಟರು ಮೊದಲ ಪೇಷೆಂಟ್ ಹತ್ತಿರವೇ ಕೂತುಬಿಟ್ಟಿದ್ದರು. ಅಂದರೆ ಸರ್ವರ್ ಮೊದಲ ಕ್ಲೈಂಟ್‌ನ ರಿಸೀವ್‌ನಲ್ಲಿ ನಿಂತಿತ್ತು, ಆಕ್ಸೆಪ್ಟ್‌ಗೆ ವಾಪಸ್ ಬರಲೇ ಇಲ್ಲ. ಮುಖ್ಯ ಲೂಪ್‌ನಲ್ಲಿ ಆಕ್ಸೆಪ್ಟ್ ಮಾತ್ರ ಇಟ್ಟು, ಸಿಕ್ಕ ಸಾಕೆಟನ್ನು ಒಂದು ಹೊಸ ಥ್ರೆಡ್‌ಗೆ (ಪ್ರೋಗ್ರಾಂನಲ್ಲಿ ಜೊತೆಜೊತೆಗೇ ಓಡುವ ಇನ್ನೊಂದು ಎಳೆಗೆ) ಕೊಟ್ಟ ಮೇಲೆ ಸರಿಹೋಯಿತು. ಕ್ಲೈಂಟ್‌ಗಳು ತುಂಬಾ ಜಾಸ್ತಿಯಾದರೆ ಥ್ರೆಡ್ ಬದಲು ಹಲವು ಸಾಕೆಟ್‌ಗಳನ್ನು ಒಟ್ಟಿಗೇ ಗಮನಿಸುವ ಸೆಲೆಕ್ಟ್ ಅಥವಾ ಇಪೋಲ್ ಬೇಕು. ಕಲಿಯುವುದಕ್ಕೆ ಥ್ರೆಡ್ ಸಾಕು.

ಖಾಲಿ ಬೈಟ್

ರಿಸೀವ್ ಖಾಲಿ ಕೊಟ್ಟರೆ "ಇನ್ನೂ ಏನೂ ಬಂದಿಲ್ಲ" ಅಂತಲ್ಲ, ಆ ಕಡೆಯವರು ಕಳಿಸುವುದನ್ನು ಮುಗಿಸಿದ್ದಾರೆ ಅಂತ. ಲೂಪ್ ಬಿಟ್ಟು ಸಾಕೆಟ್ ಕ್ಲೋಸ್ ಮಾಡಿ. ಇಲ್ಲದಿದ್ದರೆ ಲೂಪ್ ಸುಮ್ನೆ ಸುತ್ತುತ್ತಾ ಸಿಪಿಯು ತಿನ್ನುತ್ತದೆ.

ಕನ್ನಡ ಕಳಿಸುವಾಗ

ಟಿಸಿಪಿಯಲ್ಲಿ ಮೆಸೇಜ್ ಅನ್ನುವುದೇ ಇಲ್ಲ, ಬೈಟ್‌ಗಳ ಹರಿವು ಮಾತ್ರ. ಒಂದು ಸಲ ಕಳಿಸಿದ್ದು ಎರಡು ತುಂಡಾಗಿ ಬರಬಹುದು, ಎರಡು ಸಲ ಕಳಿಸಿದ್ದು ಅಂಟಿಕೊಂಡೂ ಬರಬಹುದು. ಇಂಗ್ಲಿಷ್‌ನಲ್ಲಿ ಇದು ಬೇಗ ಗೊತ್ತಾಗುವುದಿಲ್ಲ, ಕನ್ನಡದಲ್ಲಿ ಗೊತ್ತಾಗುತ್ತದೆ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. "ಮಂಡ್ಯ" ಅಂದರೆ ಮ, ಸೊನ್ನೆ, ಡ, ಹಲಂತ, ಯ: 5 ಚಿಹ್ನೆ, 15 ಬೈಟ್. ಸ್ಪೇಸ್ ಇಲ್ಲದ ಉದ್ದನೆಯ ಕನ್ನಡ ಸಾಲನ್ನು 1024 ಬೈಟ್‌ಗೆ ಕತ್ತರಿಸಿದರೆ 341 ಚಿಹ್ನೆ ಮುಗಿದು ಮುಂದಿನದರ ಒಂದೇ ಬೈಟ್ ಉಳಿಯುತ್ತದೆ. ಅಲ್ಲೇ ಡಿಕೋಡ್ ಮಾಡಿದರೆ (ಬೈಟ್‌ಗಳನ್ನು ಮತ್ತೆ ಅಕ್ಷರ ಮಾಡಿದರೆ) ಎರರ್. ಅದಕ್ಕೆ ಪ್ರತಿ ಮೆಸೇಜ್ ಕೊನೆಗೆ ನ್ಯೂಲೈನ್ ಹಾಕಿ, ಅದು ಸಿಗುವವರೆಗೂ ಬೈಟ್‌ಗಳನ್ನು ಕೂಡಿಡಿ, ಆಮೇಲೆ ಡಿಕೋಡ್ ಮಾಡಿ. ನ್ಯೂಲೈನ್‌ನ ಬೈಟ್ ಕನ್ನಡ ಅಕ್ಷರದ ಒಳಗೆ ಎಂದೂ ಬರುವುದಿಲ್ಲ, ಭಯ ಬೇಡ.

98ನೇ ಎರರ್

ಸರ್ವರ್ ನಿಲ್ಲಿಸಿ ತಕ್ಷಣ ಶುರು ಮಾಡಿದರೆ "ವಿಳಾಸ ಬಳಕೆಯಲ್ಲಿದೆ" ಅನ್ನುತ್ತದೆ. ಮೊದಲು ಕ್ಲೋಸ್ ಮಾಡಿದ ಕಡೆಯ ಕನೆಕ್ಷನ್ ಲಿನಕ್ಸ್‌ನಲ್ಲಿ 60 ಸೆಕೆಂಡ್ ಟೈಮ್-ವೇಟ್ ಅನ್ನುವ ಕಾಯುವ ಸ್ಥಿತಿಯಲ್ಲಿ ಉಳಿಯುತ್ತದೆ, ಅದಕ್ಕೇ ಬೈಂಡ್ ಆಗುವುದಿಲ್ಲ. ರೀಯೂಸ್ ಅಡ್ರೆಸ್ ಆಯ್ಕೆಯನ್ನು ಆನ್ ಮಾಡಿ, ಅದೂ ಬೈಂಡ್‌ಗೆ ಮುಂಚೆ. ನಾನು ಬೈಂಡ್ ಆದ ನಂತರದ ಸಾಲಿನಲ್ಲಿ ಹಾಕಿದ್ದೆ, ಅದರಿಂದ ಏನೂ ಉಪಯೋಗವಾಗಲಿಲ್ಲ.