ದಮ್ಮು ಇದ್ದರೆ ಸಾಲದು

ಬೆನ್ನಿಗೆ ಭಾರದ ಚೀಲ ಹೇರಿಕೊಂಡು ನಂದಿ ಬೆಟ್ಟ ಹತ್ತಿ ಇಳಿದರೆ ಹಿಮಾಲಯಕ್ಕೆ ತಯಾರಾದ ಹಾಗೆ ಎಂದುಕೊಳ್ಳುವವರು ಜಾಸ್ತಿ. ಕಾಲಿಗೆ ಬಲ ಬರುತ್ತದೆ, ನಿಜ. ಆದರೆ ಎತ್ತರದ ಕಾಟ ಶುರುವಾಗುವುದೇ ಸುಮಾರು 2,500 ಮೀಟರ್ ದಾಟಿದ ಮೇಲೆ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರಿಗೆ ಮುಗಿದುಹೋಗುತ್ತದೆ!

ಗಾಳಿಯಲ್ಲಿ ಆಕ್ಸಿಜನ್ ಪಾಲು ಎಲ್ಲಿ ಹೋದರೂ ಶೇ. 21. ಮೇಲೆ ಕಡಿಮೆಯಾಗುವುದು ಒತ್ತಡ. 5,364 ಮೀಟರಿನ ಎವರೆಸ್ಟ್ ಬೇಸ್ ಕ್ಯಾಂಪಿನಲ್ಲಿ ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ. ಹಾಗಾಗಿ ದೇಹ ಜೋರಾಗಿ ಉಸಿರಾಡುತ್ತದೆ. ಆಗ ಕಾರ್ಬನ್ ಡೈಆಕ್ಸೈಡ್ ಕೂಡ ಜಾಸ್ತಿ ಹೊರಹೋಗುತ್ತದೆ. ಅದು ತೀರಾ ಇಳಿದರೆ ಮಿದುಳು ಉಸಿರಾಡು ಎನ್ನುವುದನ್ನೇ ಬಿಡುತ್ತದೆ. ರಾತ್ರಿ ಟೆಂಟಿನಲ್ಲಿ ಪಕ್ಕದವರ ಉಸಿರು ಕೆಲವು ಸೆಕೆಂಡು ನಿಂತು, ಆಮೇಲೆ ಏದುಸಿರಿನೊಂದಿಗೆ ಶುರುವಾಗುವುದು ಇದೇ ಕಾರಣಕ್ಕೆ. ಗೊತ್ತಿಲ್ಲದವರು ಗಾಬರಿಯಾಗದೆ ಇರುತ್ತಾರಾ? ಕಿಡ್ನಿಗಳು ರಕ್ತದಲ್ಲಿರುವ ಬೈಕಾರ್ಬನೇಟ್ ಎಂಬ ಕ್ಷಾರವನ್ನು ಹೊರಹಾಕಿ ಇದನ್ನು ಸರಿದೂಗಿಸಲು ಕೆಲವು ದಿನ ಬೇಕು. ಕೆಂಪು ರಕ್ತಕಣ ಹೆಚ್ಚಲು ವಾರಗಳೇ ಬೇಕು. ಯಾವ ಜಿಮ್ಮೂ ಇದಕ್ಕೆ ಅವಸರ ಮಾಡಲಾರದು. ಮ್ಯಾರಥಾನ್ ಓಡುವವರಿಗೂ ತಲೆನೋವು, ವಾಂತಿ ತಪ್ಪಿದ್ದಲ್ಲ.

ಓದು ಕೆಲಸಕ್ಕೆ ಬರುವುದು ಇಲ್ಲಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಮೇಲೇರದೆ ಒಂದು ದಿನ ಅಲ್ಲೇ ತಂಗಬೇಕು. ಎವರೆಸ್ಟ್ ದಾರಿಯಲ್ಲಿ ಸಿಗುವ 3,440 ಮೀಟರಿನ ನಾಮ್ಚೆ ಬಜಾರ್ ಊರಿನಲ್ಲಿ ಒಂದು ರಾತ್ರಿ ಜಾಸ್ತಿ ಉಳಿಯುವುದು ಸುಮ್ನೆ ಅಲ್ಲ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನೇರ ಗೆರೆಯ ಮೇಲೆ ನಡೆಯಲಾಗದೆ ತೂರಾಡಿದರೆ ಮಿದುಳು ಊದಿಕೊಂಡಿರಬಹುದು. ಕೂತಲ್ಲೇ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬಿರಬಹುದು. ಎರಡಕ್ಕೂ ಮೊದಲ ಮದ್ದು ತಕ್ಷಣ ಕೆಳಗಿಳಿಯುವುದು. ಇದನ್ನು ಊರಲ್ಲೇ ಓದಿ, ಜೊತೆಯವರಿಗೂ ಹೇಳಿಡಬೇಕು. ಮೇಲೆ ಹೋದಾಗ ಮಂಕಾಗುವುದು ಯೋಚಿಸುವ ತಲೆಯೇ ಅಲ್ವಾ?

ತಲೆ ಮಂಕಾದಾಗಲೂ ಕೈ ತಪ್ಪಬಾರದು. ಮಂಜಿನ ಇಳಿಜಾರಿನಲ್ಲಿ ಕಟ್ಟಿದ ಹಗ್ಗ ಹಿಡಿದು ಏರುವಾಗ ನಡುನಡುವೆ ಹಗ್ಗವನ್ನು ಬಿಗಿದಿರುವ ಗೂಟ ಬರುತ್ತದೆ. ಮೊದಲು ಸುರಕ್ಷತೆಯ ಕ್ಯಾರಬಿನರನ್ನು, ಅಂದರೆ ಸೊಂಟದ ಪಟ್ಟಿಗೆ ಕಟ್ಟಿಕೊಂಡ ಲೋಹದ ಕೊಂಡಿಯನ್ನು, ಗೂಟದಾಚೆಯ ಹಗ್ಗಕ್ಕೆ ಹಾಕಬೇಕು. ಆಮೇಲೆ ಜುಮಾರ್, ಅಂದರೆ ಹಗ್ಗದ ಮೇಲೆ ಮೇಲಕ್ಕಷ್ಟೇ ಜಾರುವ ಹಿಡಿಕೆಯನ್ನು, ಬಿಚ್ಚಿ ಆಚೆಗೆ ದಾಟಿಸಬೇಕು. ಎರಡೂ ಒಟ್ಟಿಗೆ ಹಗ್ಗ ಬಿಟ್ಟಿರುವ ಗಳಿಗೆ ಬರಲೇಬಾರದು. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಂಥ ಕಡೆ ಹಗ್ಗದ ಕೆಲಸವನ್ನು ಸರಿಯಾಗಿ ಕಲಿಸುತ್ತಾರೆ. ಕಲಿತು ಬಂದ ಮೇಲೆ ಮನೆಯ ಕಿಟಕಿ ಸರಳಿಗೆ ಹಗ್ಗ ಕಟ್ಟಿಕೊಳ್ಳಿ. ಮೆಟ್ಟಿಲು ಹತ್ತಿ ಸುಸ್ತಾದ ಮೇಲೆ, ದಪ್ಪ ಗ್ಲೌಸ್ ಹಾಕಿಕೊಂಡೇ ಅಭ್ಯಾಸ ಮಾಡಿ.