ಅಣೆಕಟ್ಟಿನ ಕೆಳಗಿನ ಮೀನಿಗೆ ಉಸಿರು

ಅಣೆಕಟ್ಟಿನ ಮಾತು ಬಂದರೆ ನಾವು ಮೊದಲು ಕೇಳುವುದು, ಎಷ್ಟು ಟಿಎಂಸಿ ನೀರಿದೆ ಅಂತ. ಕರೆಂಟ್ ತೆಗೆದು ಕೆಳಗೆ ಬಿಟ್ಟ ನೀರು ಹೇಗಿದೆ ಅಂತ ಕೇಳುವವರು ಕಡಿಮೆ. ಅಮೆರಿಕದ ಟೆನೆಸ್ಸಿ ವ್ಯಾಲಿ ಅಥಾರಿಟಿ (ಟಿವಿಎ) ಕೂಡ ಬಹಳ ವರ್ಷ ಆ ಕಡೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ.

1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕಾಲದಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಇದು. ಪ್ರವಾಹ ತಡೆಯುವುದು, ಹಡಗು ಓಡಾಡುವಂತೆ ಮಾಡುವುದು, ಬಡ ಹಳ್ಳಿಗಳಿಗೆ ವಿದ್ಯುತ್ ಕೊಡುವುದು ಅದರ ಕೆಲಸ. 1936ರಲ್ಲಿ ನಾರಿಸ್ ಅಣೆಕಟ್ಟು ಮುಗಿಯಿತು. ಆಮೇಲೆ ಒಂದರ ಹಿಂದೆ ಒಂದು ಎದ್ದವು. ಇಡೀ ಟೆನೆಸ್ಸಿ ನದಿಯ ಕೀಲಿಕೈ ಒಂದೇ ಸಂಸ್ಥೆಯ ಕೈಗೆ ಬಂತು. ನಮ್ಮ ದಾಮೋದರ ಕಣಿವೆ ನಿಗಮ 1948ರಲ್ಲಿ ಶುರುವಾದದ್ದು ಇದೇ ಮಾದರಿಯಲ್ಲಿ.

ತೊಂದರೆ ಇದ್ದದ್ದು ಜಲಾಶಯದ ತಳದಲ್ಲಿ. ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾಗುತ್ತದೆ, ತಳದ್ದು ತಣ್ಣಗೇ ಇರುತ್ತದೆ. ಎರಡೂ ಬೆರೆಯುವುದಿಲ್ಲ. ತಳದಲ್ಲಿ ಎಲೆ, ಕಸ ಕೊಳೆಯುತ್ತಾ ಅಲ್ಲಿನ ಆಮ್ಲಜನಕ ತೀರಿಹೋಗುತ್ತದೆ. ಟರ್ಬೈನಿಗೆ ಹೋಗುವುದು ಹೆಚ್ಚಾಗಿ ಈ ಆಳದ ನೀರೇ. ಹೀಗಾಗಿ ಅಣೆಕಟ್ಟಿನ ಕೆಳಗೆ ಹರಿಯುತ್ತಿದ್ದದ್ದು ಮೀನು ಉಸಿರಾಡಲಾಗದ ನೀರು. ಇನ್ನು ಕರೆಂಟಿಗೆ ಬೇಡಿಕೆ ಇಲ್ಲದ ಹೊತ್ತಿನಲ್ಲಿ ಟರ್ಬೈನ್ ನಿಲ್ಲಿಸಿದರೆ, ಕೆಳಗಿನ ನದಿ ಹೆಚ್ಚುಕಡಿಮೆ ಒಣಗಿಯೇ ಹೋಗುತ್ತಿತ್ತು.

1973ರಲ್ಲಿ ಲಿಟಲ್ ಟೆನೆಸ್ಸಿ ನದಿಯಲ್ಲಿ ಸ್ನೇಲ್ ಡಾರ್ಟರ್ ಎಂಬ ಬೆರಳುದ್ದದ ಮೀನು ಸಿಕ್ಕಿತು. ಅಲ್ಲಿಯೇ ಟಿವಿಎ ಟೆಲಿಕೋ ಅಣೆಕಟ್ಟು ಕಟ್ಟುತ್ತಿತ್ತು. ಅಳಿವಿನಂಚಿನ ಜೀವಿಗಳ ಕಾಯ್ದೆ ಹಿಡಿದು ಜನ ಕೋರ್ಟಿಗೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟ್ ಮೀನಿನ ಪರ ನಿಂತಿತು, ಅದೂ ಅಣೆಕಟ್ಟು ಹೆಚ್ಚುಕಡಿಮೆ ಮುಗಿದ ಮೇಲೆ! ಆದರೆ ಮರುವರ್ಷವೇ ಅಮೆರಿಕದ ಸಂಸತ್ತು ಈ ಅಣೆಕಟ್ಟಿಗೆ ವಿನಾಯಿತಿ ಕೊಟ್ಟುಬಿಟ್ಟಿತು. ಗೇಟು ಮುಚ್ಚಿ ನೀರು ನಿಲ್ಲಿಸಿದರು. ಅಷ್ಟರಲ್ಲಿ ಕೆಲವು ಮೀನುಗಳನ್ನು ಹಿಡಿದು ಹೈವಾಸಿಯಂಥ ಬೇರೆ ನದಿಗೆ ಬಿಟ್ಟಿದ್ದರು.

ನಿಜವಾದ ರಿಪೇರಿ ಶುರುವಾದದ್ದು 1991ರ ಹೊತ್ತಿಗೆ. ಒಟ್ಟು 16 ಅಣೆಕಟ್ಟುಗಳಲ್ಲಿ ಕೆಲಸ ನಡೆಯಿತು. ಕೆಲವು ಕಡೆ ಟರ್ಬೈನೇ ಗಾಳಿ ಎಳೆದುಕೊಂಡು ನೀರಿಗೆ ಬೆರೆಸುವಂತೆ ಮಾಡಿದರು. ಇನ್ನು ಕೆಲವು ಕಡೆ ದಡದಲ್ಲಿ ದ್ರವ ಆಮ್ಲಜನಕದ ಟ್ಯಾಂಕ್ ಇಟ್ಟು, ಜಲಾಶಯದ ತಳದಲ್ಲಿ ತೂತಿನ ಪೈಪು ಹಾಸಿ ಗುಳ್ಳೆ ಬಿಟ್ಟರು. ಸೌತ್ ಹೋಲ್‌ಸ್ಟನ್ ಅಣೆಕಟ್ಟಿನ ಕೆಳಗೆ ಗಿಡ್ಡ ಒಡ್ಡು ಕಟ್ಟಿದರು. ಟರ್ಬೈನ್ ನಿಂತಾಗಲೂ ಅಲ್ಲಿ ನೀರು ಹರಿಯುತ್ತದೆ, ಒಡ್ಡು ಹಾರಿ ಬೀಳುವಾಗ ಗಾಳಿಯೂ ಸೇರುತ್ತದೆ. ಮೀನುಗಳು ವಾಪಸ್ ಬಂದವು. ಸ್ನೇಲ್ ಡಾರ್ಟರ್ ಕೂಡ ಹೊಸ ಜಾಗಗಳಲ್ಲಿ ನೆಲೆ ನಿಂತಿತು. 2022ರಲ್ಲಿ ಅದನ್ನು ಅಪಾಯದ ಪಟ್ಟಿಯಿಂದ ಕೈಬಿಟ್ಟರು. ಅದಕ್ಕೆ ಒಂದು ಕಾರಣ ಈ ಆಮ್ಲಜನಕದ ಕೆಲಸ. ಟಿವಿಎಗೆ ಸಲ್ಲಬೇಕಾದ ಶ್ರೇಯಸ್ಸು ಇದು, ಕೊಡೋಣ.

ಆದರೆ ಅದೇ ಸಂಸ್ಥೆಗೆ ಕಲ್ಲಿದ್ದಲಿನ ಸ್ಥಾವರಗಳೂ ಇದ್ದವು. ಸುಟ್ಟ ಬೂದಿಯನ್ನು ನೀರಿನಲ್ಲಿ ಕಲಸಿ ನದಿದಡದ ಹೊಂಡಗಳಿಗೆ ತುಂಬುತ್ತಿದ್ದರು. 2008ರ ಡಿಸೆಂಬರ್ 22ರಂದು, ಮಧ್ಯರಾತ್ರಿ ಕಳೆದ ಮೇಲೆ, ಕಿಂಗ್‌ಸ್ಟನ್ ಸ್ಥಾವರದ ಬೂದಿಹೊಂಡದ ಒಡ್ಡು ಒಡೆಯಿತು. ಸುಮಾರು 41 ಲಕ್ಷ ಘನ ಮೀಟರ್ ಬೂದಿಕೆಸರು ಎಮರಿ ನದಿಗೂ ಸುತ್ತಲಿನ ನೆಲಕ್ಕೂ ನುಗ್ಗಿತು. ಮನೆಗಳು ಹಾಳಾದವು. ಒಂದು ಕಡೆ ನೀರಿಗೆ ಉಸಿರು ತುಂಬುತ್ತಾ, ಇನ್ನೊಂದು ಕಡೆ ಬೂದಿಯನ್ನು ಸುಮ್ನೆ ದಡದಲ್ಲಿ ಗುಡ್ಡೆ ಹಾಕಿದ್ದು ಯಾರ ಲೆಕ್ಕವೋ!

ಅಮೆರಿಕದಲ್ಲಿ ಬೂದಿಹೊಂಡಗಳಿಗೆ ರಾಷ್ಟ್ರಮಟ್ಟದ ನಿಯಮ ಬಂದದ್ದು 2015ರಲ್ಲಿ. ಕಿಂಗ್‌ಸ್ಟನ್ ಚೊಕ್ಕ ಮಾಡಲು 100 ಕೋಟಿ ಡಾಲರಿಗೂ ಜಾಸ್ತಿ ಹಿಡಿಯಿತು. ಟಿವಿಎಯ ಆದಾಯವೇ ವಿದ್ಯುತ್ ಮಾರಾಟ. ಹಾಗಾಗಿ ಆ ಖರ್ಚು ವರ್ಷಗಟ್ಟಲೆ ಗ್ರಾಹಕರ ಕರೆಂಟ್ ಬಿಲ್ಲಿಗೆ ಹಂಚಿಹೋಯಿತು.